ಅಡ್ಡಬಿದ್ದಾಗ ಉಬ್ಬಿದ ಬೆಲ್ಟು

ಹೋದ ವರ್ಷ ಯುಗಾದಿಯ ಮಾರನೆಯ ದಿನ ನಡೆದದ್ದು ಇದು. ನಾನು ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಹಮಾಲಿಯಾಗಿ ಸೇರಿ, ಆಮೇಲೆ ಹಮಾಲಿಗಳ ಮೇಸ್ತ್ರಿಯಾದವನು. ಓದು ಐದನೇ ಕ್ಲಾಸಿಗೇ ನಿಂತಿತು. ಆದರೆ ಮೂಟೆ ಹೊತ್ತು ಹಲಗೆಯ ಮೇಲೆ ಲಾರಿ ಹತ್ತುವಾಗ ಒಂದು ದಿನವೂ ಕಾಲು ಜಾರಿದವನಲ್ಲ. ಮಕ್ಕಳನ್ನು ಓದಿಸಿದ್ದು, ಮನೆ ಕಟ್ಟಿದ್ದು ಎಲ್ಲ ಈ ಬೆನ್ನಿನಿಂದಲೇ.

ಅಂಥವನಿಗೆ ಸಕ್ಕರೆ ಕಾಯಿಲೆ ಬಂದು ಪಾದಗಳು ಮರಗಟ್ಟಿದವು. ಹೆಜ್ಜೆ ನೆಲ ಮುಟ್ಟಿತೋ ಇಲ್ಲವೋ ಅನ್ನುವುದೇ ತಿಳಿಯದು. ಮಂಡಿಯ ಬಾಗಿಲಲ್ಲೇ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿತು. ಅದು ಕೂಡಿಕೊಂಡ ಮೇಲೆ ಡಾಕ್ಟರು, "ಇನ್ನೊಂದು ಸಲ ಬಿದ್ದರೆ ಹಾಸಿಗೆಯೇ ಗತಿ, ನೋಡಿ" ಅಂದರು. ಕೋಲು ಹಿಡಿಯಲು ನಾನು ಒಪ್ಪಲಿಲ್ಲ. ಹೆಂಡತಿ ಕೈ ಹಿಡಿಯಲು ಬಂದರೂ ಕೊಸರಿಕೊಳ್ಳುತ್ತಿದ್ದೆ. ಕೊನೆಗೆ ಮಗಳು ಮಂಜುಳಾ ಬೆಂಗಳೂರಿನಿಂದ ಒಂದು ಅಗಲವಾದ ಬೆಲ್ಟು ತರಿಸಿದಳು. ಪೆನುಕೊಂಡದ ಹತ್ತಿರದ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಳಿಯ ಅದನ್ನು ನನ್ನ ಸೊಂಟಕ್ಕೆ ಕಟ್ಟುತ್ತಾ ವಿವರಿಸಿದ: "ಕಾರಲ್ಲಿ ಏರ್‌ಬ್ಯಾಗು ಇರ್ತದಲ್ಲ ಮಾವ, ಅದೇ ಇದು. ನೀವು ಬೀಳ್ತಾ ಇದ್ದೀರಿ ಅಂತ ಇದಕ್ಕೆ ಗೊತ್ತಾಗ್ಬುಡ್ತದೆ. ನೆಲ ಮುಟ್ಟೋ ಅಷ್ಟ್ರಲ್ಲಿ ಸೊಂಟದ ಎರಡೂ ಕಡೆ ಉಬ್ಕಂತದೆ."

ಜುಬ್ಬದ ಒಳಗೆ ಕಟ್ಟಿಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ. ದೊಪ್ಪನೆ ಕೂರಬೇಡ, ಬಸ್ಸಿನಿಂದ ಧುಮುಕಬೇಡ, ಮಲಗುವಾಗ ಬಿಚ್ಚಿಡು ಅಂತ ಮಗಳು ಎಲ್ಲವನ್ನೂ ಹೇಳಿದಳು. ಅಡ್ಡಬೀಳುವ ವಿಷಯ ಮಾತ್ರ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕಲ್ಯಾಣದುರ್ಗದಲ್ಲಿ ನನ್ನ ಅಕ್ಕ ಗಂಗಮ್ಮ ಮಗ, ಸೊಸೆಯ ಜೊತೆ ಇದ್ದಾಳೆ. ನಾವು ಹುಟ್ಟಿದ್ದು ಸೋಮಂದೇಪಲ್ಲಿ ಪಕ್ಕದ ಹಳ್ಳಿಯಲ್ಲಿ. ನಾನು ಕೈಗೂಸಾಗಿದ್ದಾಗಲೇ ಅಮ್ಮ ಹೋದಳು. ಸಾಕಿದವಳು ಅಕ್ಕ. ಕಡಲೆಕಾಯಿ ಕೀಳಲು ಹೋದಾಗ ನನ್ನನ್ನು ಹೊಲದ ಬದುವಿನ ಮೇಲೆ ಕೂರಿಸಿ, ಸಾಲಿನ ಕೊನೆ ಮುಟ್ಟಿದಾಗಲೆಲ್ಲ ಓಡಿ ಬಂದು ಮುಖ ನೋಡಿ ಹೋಗುತ್ತಿದ್ದಳಂತೆ. ಅವಳು ಮದುವೆಯಾಗಿ ಹೋದ ವರ್ಷವೇ ನಾನು ಸ್ಕೂಲು ಬಿಟ್ಟು ಮಂಡಿ ಸೇರಿದ್ದು. ಆಮೇಲೆ ಪ್ರತಿ ಯುಗಾದಿಗೂ ಅವಳ ಮನೆಗೆ ಹೋಗಿ ಅಡ್ಡಬಿದ್ದು, ಒಬ್ಬಟ್ಟು ತಿಂದು, ಬೆಳಗಾದರೆ ವಾಪಸ್. ಅದು ಹುಣಸೆಯ ಸೀಸನ್ನು, ಮಂಡಿ ಬಿಟ್ಟಿರುವ ಹಾಗಿಲ್ಲ.

ನಾನು ಬಿದ್ದ ಸುದ್ದಿ ಅಕ್ಕನಿಗೆ ಹೇಳಕೂಡದು ಅಂತ ಮನೆಯಲ್ಲಿ ಎಲ್ಲರಿಗೂ ತಾಕೀತು ಮಾಡಿದ್ದೆ. "ನನ್ ತಮ್ಮ ಮೂಟೆ ಇಳಿಸಿದ್ರೆ ಲಾರೀನೇ ಅಲ್ಲಾಡ್ತದೆ" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದವಳು ಅವಳು. ಅವಳ ಎದುರಿಗೆ ಹೇಗೆ ಹೇಳಲಿ?

ಆ ದಿನ ಬಸ್ಸಿಳಿದು ಆಟೋದಲ್ಲಿ ಹೋಗಿ ನಿಂತಾಗ ಅಕ್ಕ ಬಾಗಿಲಲ್ಲೇ ಇದ್ದಳು.

"ಬಂದ್ಯೇನ್ಲಾ ನರಸಿಂಹ? ಹಬ್ಬ ನೆನ್ನೆ, ಈವತ್ತು ಬತ್ತೀಯಲ್ಲ! ಹಿಂದೂಪುರದಲ್ಲಿ ಪಂಚಾಂಗ ಬೇರೆ ಏನ್ಲಾ?"

"ಬಸ್ಸು ಸಿಗ್ಲಿಲ್ಲ ಕಣಕ್ಕ."

"ಸೊಂಟ ದಪ್ಪ ಆಗದೆ. ಮೇಸ್ತ್ರಿ ಆದ್ಮೇಲೆ ಕುಂತ್ಕಂಡು ತಿಂದ್ರೆ ಇನ್ನೇನಾದಾತು?"

ನಾನು ನಕ್ಕು, ನಡುಮನೆಯ ಕಂಬ ಹಿಡಿದು ಮಂಡಿಯೂರಿದೆ. ಎರಡೂ ಕೈ ಮುಂದಕ್ಕೆ ಚಾಚಿ, ಎಂದಿನಂತೆ ಅಕ್ಕನ ಪಾದಕ್ಕೆ ಮೈ ಬಿಟ್ಟುಬಿಟ್ಟೆ.

ಢಬ್ ಅಂತ ಸದ್ದಾಯಿತು. ಸೊಂಟದ ಎರಡೂ ಕಡೆ ಏನೋ ಬುಸ್ಸನೆ ಉಬ್ಬಿ ಜುಬ್ಬದ ಹೊಲಿಗೆ ಪರ್ರನೆ ಬಿಟ್ಟಿತು. ಅಡುಗೆಮನೆಯಿಂದ ಸೊಸೆ ಕಿರುಚಿದಳು. ಎದುರು ಮನೆಯ ಓಬುಳಪ್ಪ ತೆಲುಗಿನಲ್ಲಿ, "ಏಮಾಯನಕ್ಕಾ, ಟೈರು ಪಗಿಲಿಂದಾ?" ಅನ್ನುತ್ತಾ ಓಡಿ ಬಂದ. ಟೈರು ಒಡೆದದ್ದಲ್ಲ, ಕಪ್ಪೆಯ ಹಾಗೆ ಬಿದ್ದುಕೊಂಡ ನಾನು! ಮಗ್ಗುಲು ಬದಲಿಸಲೂ ಆಗದು.

"ಅಯ್ಯೋ ನನ್ನಪ್ಪ, ಏನಾಯ್ತ್ಲಾ ನಿಂಗೆ?" ಅಕ್ಕ ಅಲ್ಲೇ ಕುಸಿದು ಕೂತಳು.

ಎಬ್ಬಿಸಿ ಕೂರಿಸಿದ ಮೇಲೆ ಎಲ್ಲವನ್ನೂ ಹೇಳಲೇಬೇಕಾಯಿತು. ಓಬುಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಿಷನ್ನಿಗೆ ಏನು ಗೊತ್ತಣ್ಣ? ಕಾಲ್ ಜಾರಿ ಬಿದ್ರೂ ಬೀಳೋದೇ, ಅಕ್ಕನ ಕಾಲಿಗೆ ಬಿದ್ರೂ ಬೀಳೋದೇ!" ಅಕ್ಕನೂ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ಆ ಉಬ್ಬಿದ ಚೀಲವನ್ನು ಬೆರಳಿನಿಂದ ಒತ್ತಿ ನೋಡುತ್ತಾ ಮೆಲ್ಲಗೆ ಕೇಳಿದಳು: "ಬಿದ್ದಿದ್ನ ನಂಗ್ಯಾಕ್ಲಾ ಹೇಳ್ಲಿಲ್ಲ?"

ನಾನು ಜೇಬಿನಿಂದ ಫೋನು ತೆಗೆದು ಮಗಳಿಗೆ ಹಚ್ಚಿದೆ.

ಫೋನಿನಲ್ಲಿ ಮಗಳು ಗಾಬರಿಯಾದಳು. ಒಮ್ಮೆ ಉಬ್ಬಿದರೆ ಒಳಗಿನ ಗ್ಯಾಸಿನ ಡಬ್ಬಿ ಬದಲಾಯಿಸಬೇಕಂತೆ. "ಬೆಂಗ್ಳೂರಿಂದ ಬರ್ಬೇಕಪ್ಪ. ನಾನು ತರೋವರೆಗೂ ಅತ್ತೆ ಮನೆ ಬಿಟ್ಟು ಕದಲಬೇಡ. ಬಸ್ಸಂತೂ ಹತ್ತಲೇಬೇಡ" ಅಂದಳು. ದುಡಿಯಲು ಶುರು ಮಾಡಿದ ಮೇಲೆ ನಾನು ಅಕ್ಕನ ಮನೆಯಲ್ಲಿ ಎರಡನೇ ರಾತ್ರಿ ಕಳೆದದ್ದು ಅದೇ ಮೊದಲು.

ಕೂತು ಕೂತು ಬೇಸರವಾಗಿ, ಬೀದಿ ಕೊನೆವರೆಗಾದರೂ ಹೋಗಿ ಬರುತ್ತೇನೆಂದು ಎದ್ದೆ. ಅಕ್ಕ ಒಳಗಿನಿಂದ ಒಂದು ಹಳೇ ನೂಲಿನ ಸೀರೆ ತಂದು, ಮಡಿಸಿ ನನ್ನ ಸೊಂಟಕ್ಕೆ ಬಿಗಿದು, ಹಿಂದಿನಿಂದ ತುದಿ ಹಿಡಿದುಕೊಂಡಳು.

"ಏನಕ್ಕ ಇದು, ನಾನೇನು ಎತ್ತಾ?"

"ಎತ್ತಾಗಿದ್ರೆ ಮಾತಾದ್ರೂ ಕೇಳ್ತಿತ್ತು. ನಡಿಯೋ."

ಬೀದಿಗಿಳಿದರೆ ಓಬುಳಪ್ಪ ಕಾದೇ ಇದ್ದ. "ಏಮಕ್ಕಾ, ತಮ್ಮುಣ್ಣಿ ಸಂತಕು ತೋಲುಕಪೋತಾಂಡಾವಾ?" ತಮ್ಮನನ್ನು ಸಂತೆಗೆ ಹೊಡೆದುಕೊಂಡು ಹೊರಟೆಯಾ ಅಂತ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಕ್ಕ ನಿಲ್ಲದೆಯೇ ಹೇಳಿದಳು: "ಅಮ್ಮೇದಾನ್ಕಿ ಕಾದುಲೇ, ಪೋ!" ಇದು ಮಾರುವುದಕ್ಕಲ್ಲ, ಹೋಗು.

ಮೋರಿಯ ಚಪ್ಪಡಿ ದಾಟುವಾಗ ನನ್ನ ಹೆಜ್ಜೆ ತಪ್ಪಿತು. ಬೆಲ್ಟು ಇಲ್ಲ, ಹಿಡಿಯಲು ಗೋಡೆಯೂ ಇಲ್ಲ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಸೊಂಟದಲ್ಲಿ ಸೀರೆ ಬಿಗಿಯಿತು. ನನಗಿಂತ ಎಷ್ಟೋ ವರ್ಷ ದೊಡ್ಡವಳು, ಕಡ್ಡಿಯಂಥ ಮೈ. ಎಲ್ಲಿಂದ ಬಂತೋ ಆ ಬಲ, ಕಾಲು ಊರಿ ಹಿಂದಕ್ಕೆ ಎಳೆದು ನಿಲ್ಲಿಸಿಬಿಟ್ಟಳು. ಅವಳು ಏದುಸಿರು ಬಿಡುವುದು ಕೇಳಿಸುತ್ತಿತ್ತು.

"ನಡಿ, ನಡಿ. ನಾನ್ ಹಿಡ್ಕಂಡಿವ್ನಿ" ಅಂದಳು.

ನಾನು ತಿರುಗಿ ನೋಡಲಿಲ್ಲ. ಕಣ್ಣು ತುಂಬಿ ಎದುರಿನ ಬೀದಿಯೇ ಮಸುಕಾಗಿತ್ತು.

ಮಗಳು ಬರುವವರೆಗೆ ದಿನಾ ಹಾಗೇ ನಡೆದೆವು. ಸಂಜೆ ಜಗಲಿಯ ಮೇಲೆ ಹುರಿದ ಕಡಲೆಕಾಯಿ ಸುಲಿಯುತ್ತಾ ಅಕ್ಕ ಊರಿನ ಹಳೇ ಮಾತು ತೆಗೆಯುತ್ತಿದ್ದಳು. ಅಮ್ಮ ನನ್ನನ್ನು 'ಬಂಗಾರು' ಅಂತ ಕರೆಯುತ್ತಿದ್ದಳಂತೆ. ಈ ವಯಸ್ಸಿನವರೆಗೂ ನನಗೆ ಅದು ಗೊತ್ತೇ ಇರಲಿಲ್ಲ. ಒಂದೇ ರಾತ್ರಿ ಇದ್ದು ಓಡುತ್ತಿದ್ದವನಿಗೆ ಅವಳು ಯಾವಾಗ ಹೇಳಬೇಕಿತ್ತು?

ಈಗ ನಾನು ಬೆಲ್ಟನ್ನು ಅಂಗಿಯ ಮೇಲೆಯೇ ಕಟ್ಟಿಕೊಂಡು ಮಂಡಿಗೆ ಹೋಗುತ್ತೇನೆ. ಹಮಾಲಿಗಳು "ಮೇಸ್ತ್ರಿ ಪೈಲ್ವಾನ್ ಆಗವ್ರೆ" ಅಂತ ನಗುತ್ತಾರೆ, ನಗಲಿ. ಕಲ್ಯಾಣದುರ್ಗಕ್ಕೆ ಹೋಗಲು ಯುಗಾದಿಗೆ ಕಾಯುವುದಿಲ್ಲ. ಅಲ್ಲಿ ಹೋದರೆ ಮಾತ್ರ, ಸಂಜೆ ಸ್ವಲ್ಪ ಹೊತ್ತು ಬೆಲ್ಟು ಬಿಚ್ಚಿ ಗೋಡೆಯ ಮೊಳೆಗೆ ತಗುಲಿಹಾಕುತ್ತೇನೆ. ನಾನು ಕೇಳುವ ಮುಂಚೆಯೇ ಅಕ್ಕ ಸೀರೆ ತೆಗೆದುಕೊಂಡು ಬಂದಿರುತ್ತಾಳೆ. ಮಗಳಿಗೆ ಇದು ಗೊತ್ತಿಲ್ಲ. ಇದನ್ನು ಓದಿ ಬೈದರೆ ಬೈಯಲಿ.