ಗಿರಿಜೆಗೆ ಓದಿದ ಆನೆಮರಿ ಕತೆ

ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬ್ಯಾಡಗಿಗೆ ಸುಗ್ಗಿ ಬಂದದ್ದು ಗೊತ್ತಾಗುತ್ತಿದ್ದದ್ದೇ ಸೀನಿನಿಂದ. ಓಣಿ ತುಂಬ ಮೆಣಸಿನಕಾಯಿ ಘಾಟು, ಪಡಸಾಲೆಯಲ್ಲಿ ಕೆಂಪು ರಾಶಿ. ಅವ್ವ ತೊಟ್ಟು ಮುರಿಯುತ್ತ ಕೂತರೆ, ನಾಲ್ಕು ವರ್ಷದ ತಂಗಿ ಗಿರಿಜೆಯನ್ನು ರಮಿಸುವ ಕೆಲಸ ನನ್ನದು. ಹತ್ತು ವರ್ಷದ ನನ್ನಂಥ ಕತೆ ಓದುವವ ಊರಲ್ಲೇ ಇರಲಿಲ್ಲ ಬಿಡಿ. ನಾನು ಆನೆಯ ಹಾಗೆ ಘೀಳಿಟ್ಟರೆ ಪಕ್ಕದ ಮನೆಯ ಎಮ್ಮೆ ಹಗ್ಗ ಹರಿಯುತ್ತಿತ್ತು!

ಇದ್ದದ್ದು ಒಂದೇ ಪುಸ್ತಕ. ದಾರಿ ತಪ್ಪಿದ ಆನೆಮರಿ ತಾಯಿಯನ್ನು ಹುಡುಕುವ ಕತೆ. ಗಿರಿಜೆಗೆ ದಿನಾ ಅದೇ ಆಗಬೇಕು. ಮರಿ ಅಳುವ ಹಾಳೆ ಬಂದರೆ ದಿನಾ ಇವಳೂ ಅಳಬೇಕು.

ಒಂದು ದಿನ ನಾನು ಶಾಲೆಯಿಂದ ಬಂದಾಗ ಅವಳೂ ಅವ್ವನ ಪಕ್ಕ ಕೂತು ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ಕಂಡದ್ದೇ ಪುಸ್ತಕ ಹಿಡಿದು ಓಡಿಬಂದಳು. ಆ ಕೈಗೆ ಎಣ್ಣೆ ಸವರಿ ತೊಳೆಯದೆ ನಮ್ಮೂರ ಹೆಂಗಸರು ಯಾರೂ ಮುಖ ಮುಟ್ಟುವುದಿಲ್ಲ. ಮಗುವಿಗೇನು ಗೊತ್ತು? ಮರಿ ಅತ್ತಿತು, ಇವಳೂ ಅತ್ತಳು, ಎರಡೂ ಕೈಯಿಂದ ಕಣ್ಣು ಉಜ್ಜಿಕೊಂಡಳು.

ಆ ಚೀತ್ಕಾರ ಓಣಿಗೆಲ್ಲ ಕೇಳಿತು. ಅವ್ವ ನೀರು ಹೊಯ್ದಳು, ಪಕ್ಕದ ಮನೆಯ ಬಾಣಂತಿ ಕಣ್ಣಿಗೆ ಎದೆಹಾಲು ಬಿಟ್ಟಳು. ಸಂಜೆಗೆ ರೆಪ್ಪೆ ಊದಿ ಮುಚ್ಚಿಹೋದವು. ರಾಣೆಬೆನ್ನೂರಿನ ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು.

"ಕಣ್ಣಗುಡ್ಡಿಗೆ ಗಾಯ ಆಗೇತಿ. ಪಟ್ಟಿ ಬಿಚ್ಚಿದ ಮ್ಯಾಲೆ ನೋಡೂನ್ರಿ. ಅಲ್ಲೀತನಕ ಕೂಸಿಗೆ ಅಳಾಕ ಬಿಡಬ್ಯಾಡ್ರಿ."

ಮನೆಗೆ ಬಂದದ್ದೇ ಅವಳು ಕೇಳಿದ್ದು ಅದೇ ಕತೆ. ಅಳುವ ಹಾಳೆಯನ್ನು ನಾನು ಮೆಲ್ಲಗೆ ಹಾರಿಸಿದೆ.

"ಯಣ್ಣಾ, ಮರಿ ಅಳೋದು ಬಿಟ್ಟಿ."

"ಇವತ್ತ ಅದು ಅಳಂಗಿಲ್ಲವ್ವಾ."

"ಸುಳ್ಳ! ನಂಗ ಕಾಣಂಗಿಲ್ಲಂತ ಮೋಸ ಮಾಡ್ತಿ."

ಊರಿಗೇ ಚಳ್ಳೆಹಣ್ಣು ತಿನ್ನಿಸಿದ ನಾನು ನಾಲ್ಕು ವರ್ಷದವಳ ಕೈಗೆ ಸಿಕ್ಕಿಬಿದ್ದೆ. ಅವ್ವ ಗೋಡೆಗೆ ತಿರುಗಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಧೈರ್ಯ ಮಾಡಿ ಆನೆಮರಿಯನ್ನು ಬ್ಯಾಡಗಿ ಪೇಟೆಗೇ ನುಗ್ಗಿಸಿದೆ. ಅದು ಸೀನಿದ ರಭಸಕ್ಕೆ ದಲಾಲರ ಟೋಪಿಗಳೆಲ್ಲ ಹಾರಿ ರೈಲು ಹತ್ತಿದವು. ಗಿರಿಜೆ ಬಿದ್ದು ಬಿದ್ದು ನಕ್ಕಳು. ಪಟ್ಟಿ ಬಿಚ್ಚುವವರೆಗೂ ದಿನಾ ನಗಿಸಿದೆ. ಅವಳು ಮಲಗಿದ ಮೇಲೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಪಟ್ಟಿ ಬಿಚ್ಚಿ ಡಾಕ್ಟರು ಬೆರಳು ತೋರಿಸಿದರು. "ಏನ್ ಕಾಣತೈತಿ, ಹೇಳವ್ವಾ?"

ಅವಳು ಬೆರಳು ಬಿಟ್ಟು ಆಚೆ ನೋಡಿದಳು. "ನಮ್ಮಣ್ಣ ಅಳಾಕತ್ತಾನ."

ಆ ಕಣ್ಣು ಉಳಿಯಲೆಂದು ನಾನು ಬೇಡದ ದೇವರಿಲ್ಲ. ಉಳಿದವು. ಎರಡೇ ವರ್ಷದಲ್ಲಿ ಅಕ್ಷರವನ್ನೂ ಕಲಿತವು. ಒಂದು ಸಂಜೆ ನಾನು ಗಂಟಲು ಸರಿಮಾಡಿಕೊಂಡು ಪುಸ್ತಕ ತೆರೆದರೆ, "ಕೊಡಿಲ್ಲಿ, ನಾನ ಓದ್ಕೋತೀನಿ" ಎಂದು ಕಸಿದುಕೊಂಡು ಮೂಲೆಗೆ ಹೋಗಿ ಕೂತಳು. ಅಂಥ ಕೇಳುಗರು ನನಗೆ ಮತ್ತೆ ಸಿಗಲಿಲ್ಲ.