ಮೊಮ್ಮಗಳ ಕರಿ ಪೆಟ್ಟಿಗೆ

ಆ ಪೆಟ್ಟಿಗೆ ಮನೆಗೆ ಬಂದ ದಿವಸದಿಂದಲೇ ಅದಕ್ಕೂ ನನಗೂ ಜಗಳ. ನನ್ನ ತೊಡೆಯಷ್ಟು ಎತ್ತರ, ಮೈತುಂಬ ಜಮಖಾನದಂಥ ಕರಿ ಬಟ್ಟೆ, ಎದುರಿಗೆ ಕಬ್ಬಿಣದ ಜಾಲರಿ, ಮೂಲೆಮೂಲೆಗೆ ತಗಡು. ಹೊಟ್ಟೆಯೊಳಗೆ ನಾಲ್ಕು ಸ್ಪೀಕರ್. ಮೊಮ್ಮಗಳು ಅದನ್ನು ಕ್ಯಾಂಪ್ ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ತಂದಳು. ನಮ್ಮ ಮನೆ ಈ ಮರಾಠಿ ಊರಿನ ಕೋಥರೂಡ ಬಡಾವಣೆಯಲ್ಲಿ, ಮೂರನೇ ಮಾಳಿಗೆ. ಲಿಫ್ಟಿನಲ್ಲಿ ದೊಡ್ಡ ಸಾಮಾನು ಒಯ್ಯಬಾರದು ಅಂತ ಸೊಸೈಟಿಯವರು ಬೋರ್ಡು ಹಾಕಿದ್ದಾರೆ. ಸೆಕ್ರೆಟರಿಯ ಮನೆಗೆ ಹೊಸ ಸೋಫಾ ಬಂದ ದಿವಸ ಆ ಬೋರ್ಡು ಎಲ್ಲಿ ಹೋಗಿತ್ತೋ, ಅವನೇ ಹೇಳಬೇಕು.

ಆಕೆ ಬಾರಿಸುವುದು ಬೇಸ್ ಗಿಟಾರ್. ನಾಲ್ಕೇ ತಂತಿ, ಆದರೆ ಭಾಳ ದಪ್ಪ. ಆ ದಪ್ಪ ತಂತಿಯ ದನಿ ಸಣ್ಣ ಸ್ಪೀಕರಿನಲ್ಲಿ ಹಿಡಿಸುವುದಿಲ್ಲವಂತೆ, ಅದಕ್ಕೇ ಈ ದೈತ್ಯ. "ಹಾಡಾಂವ ಹಾಡ್ತಾನ, ಕುಣಿಯಾಂವ ಕುಣೀತಾನ, ಕೆಳಗ ನಿಂತು ಎಲ್ಲಾರನ್ನೂ ಹಿಡಿದು ನಿಲ್ಲಸಾಕಿ ನಾನು, ಆಯಿ" ಅಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಆ ಮಾತು ಕೇಳಿ ನನ್ನ ಎದೆ ಎಷ್ಟು ಅಗಲ ಆಯಿತು ಅಂತ ಹೇಗೆ ಬರೆಯಲಿ? ನಾನು ಶಾಲೆಯಲ್ಲಿ ಮೂರನೇ ಇಯತ್ತೆ ತನಕ ಓದಿದವಳು. ನಮ್ಮ ಮನೆತನದಲ್ಲಿ ವಾದ್ಯ ಹಿಡಿದ ಹೆಣ್ಣೇ ಇಲ್ಲ. ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ. ಕಾಯಿಪಲ್ಲೆ ಮಾರುವವಳಿಗೆ ಎರಡು ಸಲ ಹೇಳಿದೆ.

ಆದರೆ ಆ ಪೆಟ್ಟಿಗೆ! ನನಗೆ ಭಾರ ಗೊತ್ತು. ಬೆಳಗಾವಿ ಕಡೆಯ ಹಳ್ಳಿಯಿಂದ ಯಜಮಾನರ ಜೋಡಿ ಬಂದು, ಇದೇ ಕೋಥರೂಡದ ಬಿಲ್ಡಿಂಗುಗಳು ಏಳುವಾಗ ಹನ್ನೆರಡು ವರ್ಷ ತಲೆಯ ಮೇಲೆ ಗಾರೆ ಬುಟ್ಟಿ ಹೊತ್ತವಳು ನಾನು. ಪೆಟ್ಟಿಗೆಯ ಒಂದು ಬದಿ ಎತ್ತಿ ನೋಡಿದೆ. ಸಿಮೆಂಟ್ ಚೀಲಕ್ಕೆ ಸ್ವಲ್ಪ ಕಡಿಮೆ, ಅಷ್ಟೇ. ಸಿಮೆಂಟ್ ಚೀಲವನ್ನಾದರೂ ತಬ್ಬಿಕೊಳ್ಳಬಹುದು. ಇದಕ್ಕೆ ಎರಡು ಬದಿಗೆ ಎರಡು ಹಿಡಿಕೆ. ಅಂದರೆ ಇದನ್ನು ಮಾಡಿದವನಿಗೆ ಇಬ್ಬರು ಬೇಕು ಅಂತ ಗೊತ್ತಿತ್ತು. ನನ್ನ ಮೊಮ್ಮಗಳಿಗೆ ಮಾತ್ರ ಗೊತ್ತಿರಲಿಲ್ಲ.

ಮೂರು ಹುಡುಗರ ಜೋಡಿ ಆಕೆಯದೊಂದು ಬ್ಯಾಂಡು, ವಾರಕ್ಕೆ ಎರಡು ಸಲ ಪ್ರಾಕ್ಟೀಸು. ಪ್ರತಿ ಸಲವೂ ಅದನ್ನು ಒಬ್ಬಳೇ ಇಳಿಸುವಳು, ಒಬ್ಬಳೇ ಏರಿಸುವಳು. ಒಂದೊಂದು ಮೆಟ್ಟಿಲಿಗೆ ಒಂದೊಂದು ದಢ್. ಒಳಗೆ ರೊಟ್ಟಿ ಬಡಿಯುತ್ತ ನಾನು ಆ ದಢ್ ಕೇಳುತ್ತಿದ್ದೆ, ರೊಟ್ಟಿಗೆ ಏಟು ಜೋರಾಗಿ ಬೀಳುತ್ತಿದ್ದವು. ಅವರಪ್ಪ ಎದ್ದು ಹೋದರೆ, "ಯಾರೂ ಮುಟ್ಟಬ್ಯಾಡ್ರಿ" ಅಂತ ಕೂಗುವಳು. ಮುಟ್ಟಿದರೆ ಮೈಲಿಗೆ ಆಗುವಂಥದ್ದು ಏನಿದೆಯೋ ಅದರಲ್ಲಿ!

ಒಂದು ಬುಧವಾರ ಮುಂಜಾನೆ ಆಕೆ ನಿಂತುಕೊಂಡೇ ಅವಲಕ್ಕಿ ತಿಂದಳು.

"ಕೂತು ತಿನ್ನು."

"ಗಡಿಬಿಡಿ ಅದ, ಆಯಿ."

"ಎಲ್ಲೀ ಗಡಿಬಿಡಿ? ಇವತ್ತ ಕಾಲೇಜಿಗೆ ಸೂಟಿ."

ಚಮಚ ಕೈಜಾರಿ ನೆಲಕ್ಕೆ ಬಿತ್ತು. ಆಕೆ ಅದನ್ನು ನೋಡಿದಳು, ಎತ್ತಲಿಲ್ಲ. ಉಳಿದ ಅವಲಕ್ಕಿಯನ್ನು ಬೆರಳಿನಿಂದ ತಿಂದಳು.

"ಬೆನ್ನು ತೋರಸು."

"ಏನೂ ಆಗಿಲ್ಲ."

"ತೋರಸ್ತೀಯೋ, ನಿಮ್ಮಪ್ಪನ್ನ ಕರೀಲೋ?"

ಡಾಕ್ಟರು ಮೂರು ವಾರ ಭಾರ ಎತ್ತಬಾರದು ಅಂದರು. ಬಾರಿಸಬಹುದು, ಎತ್ತಬಾರದು. ಎತ್ತಿದರೆ ಬೆನ್ನು ಕಾಯಂ ಹೋಗುತ್ತದೆ ಅಂತ ಬೈದೇ ಹೇಳಿದರು. ನಾಲ್ಕು ದಿವಸಕ್ಕೆ, ಭಾನುವಾರ ಮಧ್ಯಾಹ್ನ, ಕ್ಯಾಂಪಿನ ಒಂದು ಹೋಟೆಲಿನ ಮಾಳಿಗೆಯಲ್ಲಿ ಅವರ ಮೊದಲ ಕಾರ್ಯಕ್ರಮ. ಜನ ಟಿಕೀಟು ತೆಗೆದುಕೊಂಡು ಬರುವಂಥ ಕಾರ್ಯಕ್ರಮ.

ಎಣ್ಣೆ ಬಿಸಿ ಮಾಡಿ ಬೆನ್ನಿಗೆ ಹಚ್ಚುತ್ತ ಕೇಳಿದೆ, "ನಿನ್ನ ಜೋಡಿ ಬಾರಸೂ ಆ ಮೂರು ಕೋಣ ಏನ್ ಮಾಡ್ತಾವ? ಒಬ್ಬಾಂವರೆ ಬಂದು ಎತ್ತಬಾರದ?"

"ನಾ ಕೇಳೂದಿಲ್ಲ."

"ಯಾಕ?"

ದಿಂಬಿನೊಳಗೆ ಮುಖ ಇಟ್ಟು ಹೇಳಿದಳು. ಮೊದಲ ದಿವಸ ಆಕೆ ಪೆಟ್ಟಿಗೆಯ ಜೋಡಿ ಒದ್ದಾಡುವುದನ್ನು ನೋಡಿ ಡ್ರಮ್ ಬಾರಿಸುವ ಹುಡುಗ ಎಲ್ಲರ ಎದುರಿಗೆ ಅಂದನಂತೆ: ಕೈಲಾಗದಿದ್ದರೆ ಕೊಳಲು ಊದು, ಕಿಸೆಯಲ್ಲಿ ಹಿಡಿಸುತ್ತದೆ. ಎಲ್ಲರೂ ನಕ್ಕರಂತೆ. ಈಕೆಯೂ ನಕ್ಕಳಂತೆ. ನಕ್ಕು, ಇನ್ನು ಮೇಲೆ ಈ ಪೆಟ್ಟಿಗೆಗೆ ಬೇರೆಯವರ ಕೈ ತಾಗಬಾರದು ಅಂತ ಮನಸ್ಸಿನಲ್ಲೇ ಆಣೆ ಮಾಡಿದಳಂತೆ.

"ಇನ್ನೊಬ್ಬ ಬೇಸ್ ಬಾರಸಾಂವ ತಯಾರ್ ಕೂತಾನ, ಆಯಿ. ಅವಂದು ಕಾರ್ ಅದ. ಭಾನುವಾರ ನನ್ನ ಬಾಕ್ಸ್ ಬರಲಿಲ್ಲಂದ್ರ ನನ್ನ ಜಾಗಾದಾಗ ಅಂವ ನಿಂದರತಾನ."

ನನಗೆ ಬಂದ ಸಿಟ್ಟಿಗೆ ಎಣ್ಣೆಯ ಬಟ್ಟಲು ನೆಲಕ್ಕೆ ಕುಕ್ಕಿದೆ. ಆ ಹುಡುಗನ ಮೇಲೆ ಸಿಟ್ಟು, ನಕ್ಕವರ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚು ಈಕೆಯ ಮೇಲೆ.

"ಹುಚ್ಚೀ, ಹನ್ನೆರಡು ವರ್ಷದಾಗ ಒಂದು ಬುಟ್ಟಿನೂ ನಾನೇ ಎತ್ತಿ ನನ್ನ ತಲೀ ಮ್ಯಾಲೆ ಇಟ್ಕೊಂಡಿಲ್ಲ" ಅಂದೆ.

ಹೌದು, ನಿಜ. ತುಂಬಿದ ಬುಟ್ಟಿಯನ್ನು ಯಾರೂ ತಾವೇ ತಲೆಗೆ ಏರಿಸಿಕೊಳ್ಳುವುದಿಲ್ಲ. ಹೊರುವುದು ಒಬ್ಬಳೇ, ಎತ್ತುವಾಗ ಇಬ್ಬರು. ಬುಟ್ಟಿ ತುಂಬಿತೆಂದರೆ ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ "ಒಂದು ಕೈ ಹಚ್ಚು" ಅನ್ನಬೇಕು, ಮರಾಠಿಯವರಿದ್ದರೆ "ಹಾತ್ ಲಾವ್." ಕೇಳಿದ ಮೇಲೆ ಆಗುವುದಿಲ್ಲ ಅಂದವರನ್ನು ನಾನು ಕಂಡಿಲ್ಲ. ನನ್ನ ಜೋಡಿ ಕೆಲಸ ಮಾಡುವ ಒಬ್ಬಾಕೆ ಇದ್ದಳು. ನೀರಿನ ನಳದ ಸಲುವಾಗಿ ಕೂದಲು ಹಿಡಿದು ಜಗಳಾಡಿದ್ದೆವು. ನಾಲ್ಕು ತಿಂಗಳು ಮಾತಿಲ್ಲ. ಆ ನಾಲ್ಕೂ ತಿಂಗಳು ಆಕೆ ನನ್ನ ಬುಟ್ಟಿಗೆ ಕೈ ಹಚ್ಚಿದಳು, ನಾನು ಆಕೆಯ ಬುಟ್ಟಿಗೆ ಹಚ್ಚಿದೆ. ಮುಖ ಆ ಕಡೆ ತಿರುಗಿಸಿಕೊಂಡು ಇಬ್ಬರೂ ಎತ್ತುತ್ತಿದ್ದೆವು.

ಇದನ್ನೆಲ್ಲ ಹೇಳಿದೆ. ಮೊಮ್ಮಗಳು, "ಅದು ಬ್ಯಾರೆ, ಇದು ಬ್ಯಾರೆ" ಅಂದಳು.

"ಏನು ಬ್ಯಾರೆ? ಭಾರ ಅಂದ್ರ ಭಾರ."

ಭಾನುವಾರ ಅವರಪ್ಪನಿಗೆ ಡ್ಯೂಟಿ ಇತ್ತು. ಹೋಗುವ ಮೊದಲು ಅವನೂ ವಾಚಮನ್ನೂ ಕೂಡಿ ಪೆಟ್ಟಿಗೆಯನ್ನು ಲಿಫ್ಟಿನಲ್ಲೇ ಇಳಿಸಿದರು. ಸೆಕ್ರೆಟರಿ ಏನಿದು ಅಂದ. ನನ್ನ ಕುರ್ಚಿ ಅಂದೆ. ಅವನಿಗೆ ನನ್ನ ಮುಖ ನೋಡಿ ಮುಂದೆ ಕೇಳುವ ಧೈರ್ಯ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ಇಲ್ಲಿ ಆ ಹುಡುಗರೂ ನೋಡುವುದಿಲ್ಲ ಅಂತ ಮೊಮ್ಮಗಳು ಈ ಸಲ ಮುಟ್ಟಬ್ಯಾಡ್ರಿ ಅನ್ನಲಿಲ್ಲ. ನಾವಿಬ್ಬರೂ ಟೆಂಪೋದಲ್ಲಿ ಕೂತು ಕ್ಯಾಂಪಿಗೆ ಹೊರಟೆವು.

ಹಳೇ ಕಟ್ಟಡ. ಹೋಟೆಲು ಮೇಲೆ, ಹೋಗಲಿಕ್ಕೆ ಕಟ್ಟಿಗೆಯ ಇಕ್ಕಟ್ಟು ಮೆಟ್ಟಿಲು. ಟೆಂಪೋದವನು ಪೆಟ್ಟಿಗೆಯನ್ನು ಫುಟ್‌ಪಾತಿಗೆ ಜಾರಿಸಿ ಹೋದ. ಮೇಲಿನಿಂದ ಡ್ರಮ್ಮಿನ ಸದ್ದು ಬರುತ್ತಿತ್ತು. ಅಂದರೆ ಆ ಮಹಾಶಯರು ಆಗಲೇ ಬಂದಿದ್ದರು, ಕೆಳಗೆ ಒಬ್ಬ ಹುಡುಗಿ ಬರುತ್ತಾಳೆ ಅನ್ನುವುದು ಯಾರ ತಲೆಯಲ್ಲೂ ಇರಲಿಲ್ಲ. ಮೊಮ್ಮಗಳು ಬಗ್ಗಿ ಹಿಡಿಕೆಗೆ ಕೈ ಹಾಕಿದಳು.

ನಾನು ಹೋಗಿ ಪೆಟ್ಟಿಗೆಯ ಮೇಲೆ ಕುಂತೆ.

"ಆಯಿ, ಏಳು."

"ಎತ್ತೂದಿದ್ರ ನನ್ನನ್ನೂ ಕೂಡೇ ಎತ್ತು."

"ಮಂದಿ ನೋಡಾಕತ್ತಾರ."

"ನೋಡ್ಲಿ. ಅವರ ಕಣ್ಣು, ಅವರು ನೋಡ್ತಾರ."

"ಐದು ಮಿನಿಟಿನಾಗ ಎಲ್ಲಾ ಜೋಡಸಬೇಕು, ಆಯಿ, ಕೈ ಮುಗೀತೀನಿ!"

"ನನಗ್ಯಾಕ ಮುಗೀತಿ? ಮ್ಯಾಲೆ ನೋಡಿ ಒಂದ್ ಸಲ ಕೂಗು. ಇಲ್ಲಾ ನಾ ಕೂಗಲೇನು?"

"ನೀ ಕೂಗಿದ್ರ ನಾ ಮತ್ತ ಗಿಟಾರ್ ಮುಟ್ಟೂದಿಲ್ಲ" ಅಂದಳು. ಕಣ್ಣು ಕೆಂಪಾಗಿದ್ದವು. ನನಗೂ ಗೊತ್ತಿತ್ತು, ಬುಟ್ಟಿ ಯಾರದೋ ಅವರೇ ಕೇಳಬೇಕು, ಇನ್ನೊಬ್ಬರು ಕೇಳಿದರೆ ಅದು ಭಿಕ್ಷೆ ಬೇಡಿದ ಹಾಗೆ. ಹಲ್ಲು ಕಚ್ಚಿ ಕುಂತೆ. ಬಾಯಿಯ ತುದಿಗೆ ಎಂಥೆಂಥ ಬೈಗುಳ ಬಂದು ನಿಂತಿದ್ದವು ಅಂದರೆ, ಕೆಲವು ನನಗೇ ಮರೆತುಹೋಗಿದ್ದವು, ಆವತ್ತು ನೆನಪಾದವು. ಒಬ್ಬ ಹಣ್ಣಿನ ಗಾಡಿಯವನು ನಿಂತು ನೋಡಿದ. ಅವನ ಕಡೆ ಕಣ್ಣು ಕೆಕ್ಕರಿಸಿದೆ, ಹೋದ.

ಡ್ರಮ್ ನಿಂತಿತು. ಆ ಹುಡುಗನೇ ಮೆಟ್ಟಿಲಿಳಿದು ಬಂದ, ತಡ ಯಾಕೆ ಅಂತ ಕೇಳಲಿಕ್ಕೆ. ಪೆಟ್ಟಿಗೆ ನೋಡಿದ, ಪೆಟ್ಟಿಗೆಯ ಮೇಲೆ ಕುಂತ ನನ್ನನ್ನು ನೋಡಿದ. ಮೊಮ್ಮಗಳು ಅವನನ್ನು ನೋಡದೆ ಎದುರಿನ ಗೋಡೆ ನೋಡಿದಳು.

"ಏ, ಜರಾ ಹಾತ್ ಲಾವ್ ರೇ" ಅಂದಳು. "ಬೆನ್ನು ನೋವಾಗ್ಯದ" ಅಂತ ಸೇರಿಸಲಿಲ್ಲ. ಅಷ್ಟೇ ಅಂದಳು.

ಆ ಧೀರ ಒಂದು ಕೈ ಹಚ್ಚಲಿಲ್ಲ, ಎರಡೂ ಕೈ ಹಚ್ಚಿ ಒಬ್ಬನೇ ಎತ್ತಲಿಕ್ಕೆ ಹೋದ! ನಾನು ಎದ್ದು ಪಕ್ಕಕ್ಕೆ ನಿಂತು ನೋಡಿದೆ. ಗೇಣು ಎತ್ತರ ಎದ್ದಿತು, ಅವನ ಮುಖ ಟೊಮ್ಯಾಟೊ ಆಯಿತು, ದಢ್ ಅಂತ ಕೆಳಗೆ ಬಂತು.

"ಬಾಪ್ ರೇ! ಇದನ್ನ ಇಷ್ಟು ದಿವಸ ಒಬ್ಬಾಕೀನೇ ಹೊರತಿದ್ದೇನು?" ಅಂತ ಮರಾಠಿಯಲ್ಲಿ ಕೇಳಿದ.

ಈಗ ನನ್ನ ಪಾಳಿ. ಅವನ ಮರಾಠಿಯಲ್ಲಿ ಅರ್ಧ, ನನ್ನ ಕನ್ನಡದಲ್ಲಿ ಅರ್ಧ, ಕೊಳಲಿನಿಂದ ಶುರು ಮಾಡಿ ಅವನ ಮೀಸೆಯ ತನಕ ಬೈದೆ. ಅವನು "ಹೋ ಆಜಿ, ಹೋ ಆಜಿ" ಅಂತ ತಲೆಯಾಡಿಸಿ ಒಪ್ಪಿಕೊಳ್ಳುತ್ತ ಉಳಿದಿಬ್ಬರನ್ನು ಕೂಗಿದ. ಹೇಗೆ ಹಿಡಿಯಬೇಕು ಅನ್ನುವುದೂ ಗೊತ್ತಿಲ್ಲ ಆ ಮೂವರಿಗೆ. "ಎತ್ತರದವ ಕೆಳಗ ನಿಲ್ಲು, ಭಾರ ಕೆಳಗ ಬರ್ತದ! ಮೈಗೆ ಹತ್ತಿಸಿಕೋ! ಮೊಣಕಾಲು ಬಗ್ಗಸು, ಸೊಂಟ ಅಲ್ಲ!" ಅಂತ ಹಿಂದಿನಿಂದ ಒದರುತ್ತ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಮೊಮ್ಮಗಳು ಬರೀ ಗಿಟಾರ್ ಹೊತ್ತು ನನ್ನ ಹಿಂದೆ ಬಂದಳು. ನನ್ನ ಜೋಡಿ ಮಾತು ಬಿಟ್ಟಿದ್ದಳು.

ಬಿಡಲಿ. ಆಕೆ ಬಾರಿಸಿದಳು! ಗಿಟಾರ್, ಡ್ರಮ್, ಹಾಡು, ಇವೆಲ್ಲ ನನ್ನ ಕಿವಿಗೆ ಬಂದವು. ಮೊಮ್ಮಗಳದು ನೆಲದಿಂದ ಬಂತು. ಕುರ್ಚಿಯ ಕಾಲಿನಿಂದ ನನ್ನ ಮೊಣಕಾಲಿಗೆ, ಅಲ್ಲಿಂದ ಎದೆಗೆ. ಬಶಿಯೊಳಗಿನ ಚಹಾ ನಡುಗಿತು. ಆ ದೈತ್ಯ ಪೆಟ್ಟಿಗೆ ಆಕೆಯ ಬೆರಳಿಗೆ ಹೆದರಿ ಹೇಳಿದ್ದು ಕೇಳುತ್ತಿತ್ತು. ಪಕ್ಕದ ಟೇಬಲಿನವರಿಗೆ, "ಆಕಿ ನನ್ನ ಮೊಮ್ಮಗಳು, ಕೆಳಗ ಹಿಡಿದು ನಿಲ್ಲಿಸಿದಾಕಿ" ಅಂದೆ. ಹಾಡು ನಡೆದಾಗ ಮಾತಾಡಬೇಡಿ ಅಂದರು. ಅವರಿಗೂ ಬೈದೆ. ಅಳು ಬಂತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಬೈದೆ.

ಎಲ್ಲ ಮುಗಿದು ಜನ ಹೋದ ಮೇಲೆ, ಮೂರೂ ಹುಡುಗರು ಯಾರೂ ಹೇಳದೆಯೇ ಮೊದಲು ಕರಿ ಪೆಟ್ಟಿಗೆ ಇಳಿಸಿದರು. ಇಬ್ಬರು ಟೆಂಪೋ ಹುಡುಕಲಿಕ್ಕೆ ಹೋದರು. ಡ್ರಮ್ಮಿನ ಹುಡುಗ ಮೇಲೆ ಬಂದು ತನ್ನ ಕಬ್ಬಿಣದ ಸ್ಟ್ಯಾಂಡುಗಳ ಚೀಲ ಎಳೆದ. ಅದೂ ಭಾರ. ಮೊಮ್ಮಗಳ ಕಡೆ ತಿರುಗಿ, "ಹಾತ್ ಲಾವ್ ಗ" ಅಂದ.

ಆಕೆ ಬಗ್ಗಲಿಕ್ಕೆ ಹೋದಳು. ಅಷ್ಟರಲ್ಲಿ ನಾನು ಎದ್ದು ಆಕೆಯನ್ನು ಬದಿಗೆ ಸರಿಸಿದೆ. ಆ ಹುಡುಗನ ಮೇಲಿನ ಸಿಟ್ಟು ಇನ್ನೂ ಎಳ್ಳಷ್ಟೂ ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಕೇಳಿದ್ದಾನಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಚೀಲಕ್ಕೆ ಕೈ ಹಚ್ಚಿದೆ.

ಮೊಮ್ಮಗಳು ನಕ್ಕಳು. "ಆಯಿ, ಸೊಂಟ ಅಲ್ಲ, ಮೊಣಕಾಲು ಬಗ್ಗಸು" ಅಂದಳು.