ಎಂಟು ದಿನದ ಚಿಲಕ

ಬೀದಿಯಲ್ಲಿ ಎಲ್ಲರಿಗೂ ಅವನು ಬೀಗದಣ್ಣ. ಬಸ್ ನಿಲ್ದಾಣದ ಪಕ್ಕ ಮಂಚದಗಲದ ಅಂಗಡಿ, ಗೋಡೆ ತುಂಬ ಕೀಲಿಕೈ. ಎಂಥ ಮೊಂಡು ಬೀಗವಾದರೂ ಹತ್ತು ನಿಮಿಷದಲ್ಲಿ ಬಾಯಿ ಬಿಡಿಸುತ್ತಾನೆ. ಅಂಥವನು ತನ್ನ ಮನೆಯ ಕೋಣೆಯ ಚಿಲಕವನ್ನೇ ಬಿಚ್ಚಿಕೊಂಡು ಹೋಗಿ ಎಂಟು ದಿನ ರಿಪೇರಿ ಮಾಡಿದ ಎಂದರೆ ಯಾರು ನಂಬುತ್ತಾರೆ?

ಅವನ ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ಕೂತು ಫೋನಿನಲ್ಲಿ ದೂರು ಕೇಳುವವಳು. ಇಪ್ಪತ್ತೆರಡು ವರ್ಷ ಸಂಜೆ ಮನೆಗೆ ಬಂದವಳೇ, ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಮಂಗಳಾರತಿ ಮಾಡುತ್ತಿದ್ದಳು. ಮಂಚದ ಮೇಲೆ ಒದ್ದೆ ಟವೆಲ್, ಗೋಡೆಯ ಮೇಲೆ ಮಸಿ ಕೈ, ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಈಗ ಒಂದು ತಿಂಗಳಿಂದ ಬಂದವಳೇ ಸಾಮಾನಿನ ಕೋಣೆ ಸೇರಿ, ಚಿಲಕ ಹಾಕಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ಕಚೇರಿಯಲ್ಲಿ ಧ್ಯಾನ ಹೇಳಿಕೊಟ್ಟಿದ್ದರಂತೆ. ಹೊರಗೆ ಬಂದರೆ ಬೈಗುಳವೇ ಇಲ್ಲ. ಮಸಿ ಕೈ ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಪಕ್ಕದಂಗಡಿಯ ದರ್ಜಿ ತಲೆಗೆ ಹುಳ ಬಿಟ್ಟ. "ಧ್ಯಾನ ಅಂದ್ರೆ ಮನಸ್ಸು ಖಾಲಿ ಮಾಡೋದು ಕಣಯ್ಯಾ. ಮೊದಲು ಸಿಟ್ಟು ಹೋಗುತ್ತೆ, ಆಮೇಲೆ ಆಸೆ, ಆಮೇಲೆ ಗಂಡ. ನಮ್ಮ ಚಿಕ್ಕಪ್ಪನ ಸ್ನೇಹಿತ ಹೀಗೇ ಕೂತೂ ಕೂತೂ ಒಂದಿನ ಮನೇನೇ ಬಿಟ್ಟು ಹೋದ." ಈ ದರ್ಜಿ ಜನ್ಮದಲ್ಲಿ ಐದು ನಿಮಿಷ ಸುಮ್ಮನೆ ಕೂತವನಲ್ಲ, ಆದರೂ ಧ್ಯಾನದ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇ ಇಲ್ಲ! ಅದೇ ವಾರ ಹೆಂಡತಿ ಬೀರು ತೆಗೆದು ಒಳ್ಳೊಳ್ಳೆ ಬಟ್ಟೆಗಳನ್ನು ತಂಗಿಗೆ ಕೊಟ್ಟುಬಿಟ್ಟಳು. ಬೀಗದಣ್ಣನಿಗೆ ದರ್ಜಿಯ ಮಾತು ನೆನಪಾಯಿತು. ಇವಳು ಬಿಟ್ಟು ಹೋದರೆ ತನ್ನ ಗತಿಯೇನು?

ಮರುದಿನವೇ ರಿಪೇರಿಯ ನೆಪ ಹೇಳಿ ಚಿಲಕ ಬಿಚ್ಚಿದ. ಬಾಗಿಲೇ ಭದ್ರವಾಗದಿದ್ದರೆ ವೈರಾಗ್ಯ ಎಲ್ಲಿಂದ ಬಂದೀತು ಎಂಬುದು ಅವನ ತರ್ಕ. ಅವಳು ಕೂತ ಕೂಡಲೇ ಒಳಗೆ ನುಗ್ಗುವನು. ಒಂದು ದಿನ ಸುತ್ತಿಗೆ ಬೇಕು, ಇನ್ನೊಂದು ದಿನ ಮೊಳೆ. ಎಂಟನೆಯ ಸಂಜೆ ಎಣ್ಣೆ ಡಬ್ಬಿ ಹುಡುಕುತ್ತಿದ್ದಾಗ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಊರವರ ಬೀಗಕ್ಕೆಲ್ಲ ಹತ್ತು ನಿಮಿಷ, ನನ್ನ ಚಿಲಕಕ್ಕೆ ಎಂಟು ದಿನ. ಏನ್ರೀ ವಿಷಯ?"

ಬೀಗದಣ್ಣ ಅಲ್ಲೇ ನಿಂತು ಎಲ್ಲ ಒದರಿಬಿಟ್ಟ. "ನೀನು ಬಿಟ್ಟು ಹೋಗ್ತೀಯೇನೋ ಅಂತ ಭಯ ಆಯ್ತು ಕಣೇ. ಬೈಯೋದನ್ನೂ ಬಿಟ್ಟೆ. ಮನಸ್ಸು ಪೂರ್ತಿ ಖಾಲಿ ಆಯ್ತಾ?"

ಅವಳು ಕಣ್ಣು ಬಿಟ್ಟು ನಕ್ಕಳು. "ಎಲ್ಲಿ ಖಾಲಿ? ಉಸಿರು ನೋಡ್ತಾ ಕೂತ್ರೆ ಗ್ಯಾಸ್ ಮುಗಿದಿದ್ದು ನೆನಪಾಗುತ್ತೆ, ನಿಮ್ಮ ಒದ್ದೆ ಟವೆಲ್ ನೆನಪಾಗುತ್ತೆ. ಮತ್ತೆ ಉಸಿರಿಗೆ ವಾಪಸ್ ಬರ್ತೀನಿ. ಅಷ್ಟೇ. ಬಟ್ಟೆ ಕೊಟ್ಟಿದ್ದು ನಾನು ದಪ್ಪ ಆಗಿದ್ದೀನಿ ಅಂತ, ಸನ್ಯಾಸಕ್ಕಲ್ಲ." ಆಮೇಲೆ ದನಿ ತಗ್ಗಿಸಿದಳು. "ದಿನವಿಡೀ ಯಾರ್ಯಾರ ಕೈಲೋ ಬೈಸ್ಕೊಂಡು ಬಂದು ಅದನ್ನೆಲ್ಲ ನಿಮ್ಮ ಮೇಲೆ ಸುರೀತಿದ್ದೆ. ಹತ್ತು ನಿಮಿಷ ಕೂತು ಅದನ್ನ ಇಲ್ಲೇ ಇಳಿಸಿ, ಆಮೇಲೆ ನಿಮ್ಮ ಮುಖ ನೋಡೋಣ ಅಂತ ಕಣ್ರೀ."

ಚಿಲಕ ಎಂಟು ದಿನವೂ ಬೀಗದಣ್ಣನ ಜೇಬಿನಲ್ಲೇ ಇತ್ತು. ಅದನ್ನು ತೆಗೆದು, ನಾಲ್ಕು ಸ್ಕ್ರೂ ಬಿಗಿದು, ಎಣ್ಣೆ ಬಿಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡ. ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಅವನು ಹೊಸ್ತಿಲ ಪಕ್ಕವೇ ಕೂತು ಕಾದ.

ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು.

"ಬಾಗಿಲಿಗೆಲ್ಲ ಮಸಿ ಕೈ ಒರೆಸಿದ್ದೀರಲ್ರೀ" ಎಂದಳು.

ಮೆತ್ತಗೇ ಹೇಳಿದಳು, ಆದರೂ ಅದು ಬೈಗುಳವೇ. ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು.